ಹೋದ ಸೀಸನ್ ಸೋತ ಟೀಮಿಗೆ ಹೊರಗಿನ ಫಾಸ್ಟ್ ಬೌಲರ್‌ಗಳು ಬೇಕಾ?

9ರಲ್ಲಿ ಎರಡೇ ಮ್ಯಾಚ್ ಗೆದ್ದಿದ್ದೀರಿ. ಈ ಸಲ ದುಡ್ಡು ಕೂಡಿಸಿ ಹೊರಗಿಂದ ಇಬ್ಬರು ಫಾಸ್ಟ್ ಬೌಲರ್‌ಗಳನ್ನು ತರೋಣ ಅಂತಿದ್ದೀರಿ. ತರಬೇಡಿ.

ಸುಮಾರು ಹತ್ತು ವರ್ಷದ ಹಿಂದೆ ಹುಬ್ಬಳ್ಳಿಯಲ್ಲಿ ನಾನೂ ಒಂದು ಟೀಮಿನ ಕ್ಯಾಪ್ಟನ್ ಆಗಿದ್ದೆ. ನಮ್ಮದು ನಿಮಗಿಂತ ಕಡೆ, 8ಕ್ಕೆ ಒಂದು. ಮರುವರ್ಷ ಕುಂದಗೋಳ ಕಡೆಯ ಹುಡುಗನೊಬ್ಬ ಸಿಕ್ಕ. ವಯಸ್ಸು 17. ಮೊದಲ ದಿನ ನೆಟ್ಸ್‌ನಲ್ಲೇ ಮ್ಯಾಟ್ ಮೇಲೆ ಪುಟಿದ ಬಾಲ್ ನನ್ನ ಹೆಬ್ಬೆರಳಿಗೆ ಬಡಿದು ಉಗುರು ಕಪ್ಪಾಯಿತು. ಆ ಉಗುರು ಉದುರುವವರೆಗೂ ಎಲ್ಲರಿಗೂ ತೋರಿಸಿಕೊಂಡು ತಿರುಗಿದೆ. ಅಷ್ಟು ಖುಷಿ.

ತಪ್ಪು ಮಾಡಿದ್ದು ಇಲ್ಲಿ. ಮ್ಯಾಚಿಗೆ ಹತ್ತು ಓವರ್, ಅಂದರೆ ವಾರಕ್ಕೆ 60 ಬಾಲ್ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದೆ. ಜಾಸ್ತಿ ಏನಲ್ಲ ಅಲ್ವಾ? ಆದರೆ ವಾರಕ್ಕೆ ಮೂರು ದಿನ ನೆಟ್ಸ್‌ನಲ್ಲಿ, ಪೂರ್ತಿ ರನ್‌ಅಪ್‌ನಲ್ಲಿ, ಅವನು ದಿನಕ್ಕೆ 60 ಹಾಕುತ್ತಿದ್ದ. ಹಾಕಿಸುತ್ತಿದ್ದವನು ನಾನೇ, ನಮ್ಮ ಬ್ಯಾಟ್ಸ್‌ಮನ್‌ಗಳಿಗೆ ಪ್ರಾಕ್ಟೀಸ್ ಆಗಲಿ ಅಂತ. ಲೆಕ್ಕ ಹಾಕಿ, ಮ್ಯಾಚಿನ 60 ಸೇರಿ ವಾರಕ್ಕೆ 240. ಕಾಲೇಜು ಟೀಮಿನದು ಬೇರೆ. ಅದಕ್ಕೂ ಮೊದಲು ಮಳೆಗಾಲ ಪೂರ್ತಿ ಬಾಲ್ ಮುಟ್ಟಿರಲಿಲ್ಲ. ಸೊನ್ನೆಯಿಂದ ಒಮ್ಮೆಲೇ 240. ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಕೊನೆವರೆಗೂ 60.

ನಾಲ್ಕನೇ ವಾರ ಪ್ರತಿ ಬಾಲ್ ಆದಮೇಲೆ ಅವನ ಎಡಗೈ ಸೊಂಟದ ಎಡಕ್ಕೆ ಹೋಗತೊಡಗಿತು. ಮಿಡ್-ಆಫ್‌ನಲ್ಲಿ ನಿಂತು ನೋಡಿದೆ. ‘ಅಣ್ಣಾರ, ಇನ್ನೊಂದ ಓವರ್ ಒಗಿತೇನ್ರಿ’ ಅಂದ. ಬಾಲ್ ಕೊಟ್ಟೆ.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎಂಆರ್‌ಐಯಲ್ಲಿ ಬೆನ್ನಿನ ಕೆಳಗೆ ಸ್ಟ್ರೆಸ್ ಫ್ರಾಕ್ಚರ್, ಅಂದರೆ ಪದೇ ಪದೇ ಒತ್ತಡ ಬಿದ್ದು ಮೂಳೆಯಲ್ಲಿ ಆಗುವ ಸಣ್ಣ ಬಿರುಕು. ಬಲಗೈ ಬೌಲರ್‌ಗೆ ಸಾಮಾನ್ಯವಾಗಿ ಎಡಭಾಗದಲ್ಲೇ ಆಗುತ್ತದಂತೆ, ಡಾಕ್ಟರ್ ಹೇಳಿದ ಮೇಲೆ ಗೊತ್ತಾಯಿತು. ಎಂಟು ತಿಂಗಳು ಮನೆ. 2019ರಲ್ಲಿ ಬೂಮ್ರಾ ಬೆನ್ನಿಗೂ ಇದೇ ಆದಾಗ ಪೇಪರ್ ಓದಲು ಮನಸ್ಸಾಗಲಿಲ್ಲ. ಬೂಮ್ರಾ ವಾಪಸ್ ಬಂದರು. ನಮ್ಮ ಹುಡುಗ ಈಗ ಆಫ್ ಸ್ಪಿನ್ ಹಾಕುತ್ತಾನೆ.

ಬೇಸ್‌ಬಾಲ್‌ನವರು ಇದರಲ್ಲಿ ನಮಗಿಂತ ಜಾಣರು. ಅಮೆರಿಕದ ‘ಪಿಚ್ ಸ್ಮಾರ್ಟ್’ ಸೂಚನೆ (ಅಲ್ಲಿ ಪಿಚ್ ಅಂದರೆ ಬಾಲ್ ಎಸೆಯುವುದು) ಪ್ರಕಾರ 17-18ರ ಹುಡುಗ ಒಂದು ದಿನದಲ್ಲಿ 81 ಬಾಲ್ ಎಸೆದರೆ ನಾಲ್ಕು ದಿನ ರಜೆ. ಅವರಿಗೆ ಭುಜ, ಮೊಣಕೈ ಚಿಂತೆ, ನಮಗೆ ಸೊಂಟದ್ದು. ಆದರೆ ಎಣಿಸಬೇಕು ಅನ್ನೋದು ಇಬ್ಬರಿಗೂ ಒಂದೇ.

ಹೊರಗಿನವರು ಬಂದರೆ ಏನಾಗುತ್ತೆ ಗೊತ್ತಾ? ದುಡ್ಡು ಕೊಟ್ಟಿದ್ದೀರಲ್ಲ, ಅವರನ್ನೇ ದುಡಿಸುತ್ತೀರಿ. ನಿಮ್ಮ ಊರಿನ ಹುಡುಗರು ಬೌಂಡರಿಯಲ್ಲಿ ಬಾಲ್ ಹೆಕ್ಕುತ್ತಾರೆ. ನಿಮಗೆ ವೇಗಕ್ಕಿಂತ ಜಾಸ್ತಿ ಬೇಕಾಗಿರುವುದು ಆರನೇ ಬೌಲರ್, ಅದೂ ಸ್ಪಿನ್ನರ್. ನಮ್ಮ ಗದಗಿನ ಎಡಗೈ ಸ್ಪಿನ್ನರ್ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್ (ರನ್ನೇ ಕೊಡದ ಓವರ್), 6 ರನ್, 5 ವಿಕೆಟ್ ತೆಗೆದಿದ್ದು ವೇಗದಿಂದಲ್ಲ. ಎಲ್ಲರೂ ಜೋಶಿ ಆಗಲ್ಲ, ಸರಿ. ಆದರೆ ಎಡಗೈಯಲ್ಲಿ ಸುಮ್ನೆ ಒಂದೇ ಜಾಗಕ್ಕೆ ಹಾಕೋ ಹುಡುಗ ನಿಮ್ಮ ನೆಟ್ಸ್‌ನಲ್ಲೇ ಇರಬಹುದು.

ಆ ಗೆದ್ದ ಎರಡು ಮ್ಯಾಚ್‌ನಲ್ಲಿ ನಡುವಿನ ಓವರ್ ಹಾಕಿದ್ದು ಯಾರು? ಸ್ಕೋರ್‌ಬುಕ್ ನೋಡಿ ಇಲ್ಲೇ ಬರೆಯಿರಿ.