ನಿಂತರೆ ಬಿಸಿ, ಓಡಿದರೆ ತಣ್ಣಗೆ

ಪ್ರಶ್ನೆ: ನನ್ನದು ಒಂಬತ್ತು ವರ್ಷದ ಪೆಟ್ರೋಲ್ ಕಾರು. ಟ್ರಾಫಿಕ್‌ನಲ್ಲಿ ನಿಂತರೆ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಹತ್ತಿರ ಹೋಗುತ್ತದೆ. ಖಾಲಿ ರಸ್ತೆಯಲ್ಲಿ ಸ್ವಲ್ಪ ಓಡಿಸಿದರೆ ತಾನಾಗಿಯೇ ಇಳಿಯುತ್ತದೆ. ಕೂಲೆಂಟ್ ಹರಿವು ನಿಯಂತ್ರಿಸುವ ಥರ್ಮೋಸ್ಟಾಟ್ ಬದಲಿಸಿದ್ದಾಯಿತು. ಈಗ ಗ್ಯಾರೇಜಿನವರು ರೇಡಿಯೇಟರ್ ಕೂಡ ಹೊಸದು ಹಾಕಬೇಕು ಅನ್ನುತ್ತಿದ್ದಾರೆ. ಹಾಕಿಸಲೇ? ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ಕಡಿಮೆಯಾದಾಗ ಬರೀ ನೀರು ಹಾಕುತ್ತೇನೆ, ತೊಂದರೆ ಇಲ್ಲ ಅಲ್ವಾ?

ಉತ್ತರ: ರೇಡಿಯೇಟರ್‌ಗೆ ಸದ್ಯಕ್ಕೆ ದುಡ್ಡು ಕೊಡಬೇಡಿ. ಬಿಸಿಯಾಗುವ ಗಾಡಿ ಬಂದರೆ ಬಾನೆಟ್ ಎತ್ತುವ ಮುಂಚೆ ನಾನು ಕೇಳುವುದು ಒಂದೇ ಮಾತು: ಯಾವಾಗ ಬಿಸಿಯಾಗುತ್ತದೆ? ಅದಕ್ಕೆ ಉತ್ತರ ನೀವೇ ಬರೆದಿದ್ದೀರಿ. ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣ್ಣಗೆ ಮಾಡುತ್ತದೆ. ನಿಂತಾಗ ಆ ಕೆಲಸ ಫ್ಯಾನಿನದು. ಹಾಗಾಗಿ ನನ್ನ ಮೊದಲ ಅನುಮಾನ ಫ್ಯಾನ್ ಮೇಲೆ. ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಸಾಮಾನ್ಯವಾಗಿ ಜೋರಾಗಿ ಓಡಿಸುವಾಗ, ಏರು ಹತ್ತುವಾಗಲೇ ಮುಳ್ಳು ಏರಬೇಕಿತ್ತು.

ಮನೆಯಲ್ಲೇ ನೋಡಬಹುದು. ಎಂಜಿನ್ ಚಾಲೂ ಮಾಡಿ ಎಸಿ ಹಾಕಿ. ಬಹುತೇಕ ಗಾಡಿಗಳಲ್ಲಿ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ಎರಡು ಫ್ಯಾನ್ ಇದ್ದರೆ ಎರಡನ್ನೂ ನೋಡಿ. ಎಸಿಗೆ ತಿರುಗಿ, ಎಸಿ ಇಲ್ಲದೆ ಎಂಜಿನ್ ಕಾದಾಗ ತಿರುಗದಿದ್ದರೆ ಮೋಟರ್ ಸರಿ ಇದೆ. ಟೆಂಪರೇಚರ್ ಸೆನ್ಸರ್ ಅಥವಾ ಅದರ ವೈರಿಂಗ್ ನೋಡಿಸಿ. ಎರಡಕ್ಕೂ ತಿರುಗದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಬಿಡುವ ಸ್ವಿಚ್), ಕೊನೆಗೆ ಮೋಟರ್ ನೋಡಿಸಿ. ಮೋಟರ್ ಮೈಗೆ ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ಒಂದು ಏಟು ಕೊಟ್ಟರೆ ತಟ್ಟನೆ ತಿರುಗಲು ಶುರು ಮಾಡುವುದುಂಟು. ಹಾಗಾದರೆ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ ಅಂತಲೇ ತಿಳಿಯಿರಿ. ಈ ಏಟು ಹಾಕುವಾಗ ಕೈ ರೆಕ್ಕೆಯಿಂದ ದೂರ ಇರಲಿ. ಎಂಜಿನ್ ಆಫ್ ಮಾಡಿದ ಮೇಲೂ ಫ್ಯಾನ್ ಹೇಳದೆ ಕೇಳದೆ ತಿರುಗಬಹುದು.

ಫ್ಯಾನ್ ಚೆನ್ನಾಗಿಯೇ ತಿರುಗುತ್ತಿದೆಯೇ? ಟಾರ್ಚ್ ಹಿಡಿದು ರೇಡಿಯೇಟರ್ ಮತ್ತು ಅದರ ಮುಂದಿನ ಎಸಿ ಕಂಡೆನ್ಸರ್ ನಡುವಿನ ಸಂದಿ ನೋಡಿ. ಹುಳು, ಧೂಳು, ತರಗೆಲೆ ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತದೆ. ಎಂಜಿನ್ ತಣ್ಣಗಿರುವಾಗ ನೀರು ಬಿಟ್ಟು ತೊಳೆಸಿ. ಜೋರು ಪ್ರೆಷರ್ ಬೇಡ, ತೆಳ್ಳನೆಯ ಫಿನ್‌ಗಳು ಮಡಚಿಕೊಳ್ಳುತ್ತವೆ.

ನೀರಿನ ವಿಷಯ. ದಾರಿ ಮಧ್ಯೆ ಬೇರೆ ಗತಿ ಇಲ್ಲದಿದ್ದರೆ ಹಾಕಿ, ಅದನ್ನೇ ರೂಢಿ ಮಾಡಬೇಡಿ. ಒಳಗೆ ತುಕ್ಕು, ಸುಣ್ಣ ಕಟ್ಟಿ ನಿಜವಾಗಿಯೂ ರೇಡಿಯೇಟರ್ ಬದಲಿಸುವ ದಿನ ಬರುತ್ತದೆ. ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಅರ್ಧ ಅರ್ಧ ಬೆರೆಸಿ, ರೇಡಿಯೇಟರ್ ಮುಚ್ಚಳ ಒತ್ತಡ ಹಿಡಿದಿಟ್ಟರೆ ಅದು ಕುದಿಯುವುದು ಸುಮಾರು 125 ಡಿಗ್ರಿಗೆ. ಸುಮ್ನೆ ತೆರೆದ ನೀರು 100ಕ್ಕೇ ಕುದಿಯುತ್ತದೆ. ಮುಚ್ಚಳದ ರಬ್ಬರ್ ಬಿರಿದಿದ್ದರೆ ಅದನ್ನೂ ಬದಲಿಸಿ.

ನನಗೆ ಜಾಸ್ತಿ ಚಿಂತೆ ತಂದದ್ದು 'ಕಡಿಮೆಯಾದಾಗ' ಅನ್ನುವ ನಿಮ್ಮ ಮಾತು. ಮುಚ್ಚಿದ ವ್ಯವಸ್ಥೆ ಅದು, ಪದೇ ಪದೇ ಕಡಿಮೆಯಾಗಬಾರದು. ಹೋಸ್ ಪೈಪುಗಳ ತುದಿ, ವಾಟರ್ ಪಂಪ್ ಕೆಳಗೆ ಒಣಗಿದ ಬಣ್ಣದ ಕಲೆ ಇದೆಯೇ ನೋಡಿ. ಎಲ್ಲೂ ಸೋರದೆ ಕಡಿಮೆಯಾಗುತ್ತಿದ್ದು, ರಿಸರ್ವಾಯರ್‌ನಲ್ಲಿ (ಕೂಲೆಂಟ್ ಡಬ್ಬಿಯಲ್ಲಿ) ಗುಳ್ಳೆ ಏಳುತ್ತಲೇ ಇದ್ದರೆ, ಎಂಜಿನ್ ಕಾದ ಮೇಲೂ ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಪರೀಕ್ಷೆ ಮಾಡಿಸಲೇಬೇಕು.

ರಿಪೇರಿ ಆಗುವವರೆಗೆ ಟ್ರಾಫಿಕ್‌ನಲ್ಲಿ ಮುಳ್ಳು ಏರತೊಡಗಿದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಡಿ. ಬೆವರುತ್ತೀರಿ, ಆದರೆ ಎಂಜಿನ್ನಿನ ಒಂದಿಷ್ಟು ಶಾಖ ಒಳಗೆ ಬರುತ್ತದೆ. ಆಗಲೂ ಏರುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಪೂರ್ತಿ ಆರುವವರೆಗೆ ಮುಚ್ಚಳ ಮಾತ್ರ ಮುಟ್ಟಬೇಡಿ.