ಸೆರಾಮಿಕ್ ಪೊರೆಯಲ್ಲಿ ಸೋಸಿದ ಕೊಳಚೆನೀರು

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟ್‌ನ ಕೊಳಚೆನೀರು ಶುದ್ಧೀಕರಣ ಘಟಕಕ್ಕೆ ಪ್ಲಾಸ್ಟಿಕ್ ಪೊರೆಯ ಬದಲು ಸೆರಾಮಿಕ್ ಪೊರೆ ಹಾಕಿಸುವಂತೆ ಸಲಹೆ ಬಂದಿದೆ. ಬೆಲೆ ಹೆಚ್ಚು. ಇದರಿಂದ ಲಾಭವಿದೆಯೇ? ಆ ನೀರನ್ನು ಕುಡಿಯಬಹುದೇ?

ಉತ್ತರ: ಖಂಡಿತ ಕುಡಿಯಬಾರದು. ಅಲ್ಯೂಮಿನಾ ಅಥವಾ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಸಾವಿರ ಡಿಗ್ರಿ ಸೆಲ್ಸಿಯಸ್ ಮೀರಿದ ತಾಪದಲ್ಲಿ ಸುಟ್ಟು ತಯಾರಿಸುವ ಈ ಪೊರೆಯ ರಂಧ್ರಗಳು ಸಾಮಾನ್ಯವಾಗಿ 0.1 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಆಸುಪಾಸಿನಲ್ಲಿರುವುದರಿಂದ ಕೆಸರಿನ ಕಣಗಳೂ ಬಹುಪಾಲು ಬ್ಯಾಕ್ಟೀರಿಯಾಗಳೂ ಅಲ್ಲೇ ತಡೆಯಲ್ಪಡುತ್ತವೆ; ಆದರೆ ಕರಗಿದ ಲವಣ, ನೈಟ್ರೇಟ್ ಹಾಗೂ ಕೆಲವು ವೈರಾಣುಗಳು ದಾಟಿಬರುತ್ತವೆ. ಕ್ಲೋರಿನ್ ಬೆರೆಸಿದ ಮೇಲೆ ಸೋಸಿದ ನೀರನ್ನು ಶೌಚಾಲಯಕ್ಕೂ ತೋಟಕ್ಕೂ ಧಾರಾಳವಾಗಿ ಬಳಸಬಹುದು.

ಸೆರಾಮಿಕ್ ಪೊರೆಯ ನಿಜವಾದ ಹೆಚ್ಚುಗಾರಿಕೆ ಇರುವುದು ತೊಳೆಯುವುದರಲ್ಲಿ. ಯಾವ ಪೊರೆಯ ಮೇಲಾದರೂ ಕಂದುಬಣ್ಣದ ಲೋಳೆ ಕಟ್ಟಿಕೊಂಡು ನೀರಿನ ಹರಿವು ತಗ್ಗುತ್ತದೆ. ಆಗ ಹಿಮ್ಮುಖವಾಗಿ ನೀರು ಹಾಯಿಸಿ, ಹೈಪೋಕ್ಲೋರೈಟ್‌ನಿಂದಲೂ (ಕ್ಲೋರಿನ್ ಇರುವ ಬ್ಲೀಚ್ ದ್ರಾವಣ) ಆಮ್ಲದಿಂದಲೂ ತೊಳೆಯಬೇಕು. ಪದೇ ಪದೇ ಹೀಗೆ ಮಾಡಿದರೆ ಪ್ಲಾಸ್ಟಿಕ್ ಪೊರೆಯ ಎಳೆಗಳು ಕ್ರಮೇಣ ಸವೆದು ಹರಿಯುತ್ತವೆ, ಸೆರಾಮಿಕ್ ತಾಳಿಕೊಳ್ಳುತ್ತದೆ. ಆದರೆ ಅದನ್ನು ಜೋಡಿಸುವಾಗ ಕೈಜಾರಿ ಬಿದ್ದರೆ ಸೀಳುಬಿಡುವುದುಂಟು.

ಕಾರ್ಖಾನೆಯ ಎಣ್ಣೆಮಿಶ್ರಿತ, ಬಿಸಿಯಾದ ತ್ಯಾಜ್ಯನೀರಿಗೆ ಸೆರಾಮಿಕ್‌ನ ಬೆಲೆ ಸಾರ್ಥಕ. ಮನೆಬಳಕೆಯ ಕೊಳಚೆಗಾದರೆ, ನನ್ನ ಅಭಿಪ್ರಾಯದಲ್ಲಿ, ಮೊದಲು ಅಡುಗೆಮನೆಯ ಜಿಡ್ಡು ಹಿಡಿಯುವ ತೊಟ್ಟಿಯನ್ನೂ ಗಾಳಿಯೂಡುವ ಬ್ಲೋವರ್‌ಗಳನ್ನೂ ಸರಿಪಡಿಸಿ, ಆಮೇಲೆ ಪೊರೆಯ ಮಾತು ಎತ್ತುವುದು ಒಳ್ಳೆಯದು.