ಪತ್ನಿಯ ವಿದ್ಯಾರ್ಥಿ ಸಾಲ ಮತ್ತು ಜಂಟಿ ತೆರಿಗೆ ರೀಫಂಡ್

ಅಮೆರಿಕದಲ್ಲಿ ಓದಿದ ನಿಮ್ಮ ಪತ್ನಿ ಮದುವೆಗೆ ಮುಂಚೆ ಪಡೆದ ವಿದ್ಯಾರ್ಥಿ ಸಾಲದ ಕಂತು ಒಂದು ವರ್ಷದಿಂದ ಬಾಕಿ ಇರುವುದರಿಂದ, ಇಬ್ಬರೂ ಜಂಟಿಯಾಗಿ ತೆರಿಗೆ ವಿವರ ಸಲ್ಲಿಸಿದರೆ ನಿಮ್ಮ ಪಾಲಿನ ರೀಫಂಡ್ ಕೂಡ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಹೋಗಬಹುದು, ಆದರೆ ಅದನ್ನು ಉಳಿಸಿಕೊಳ್ಳುವ ದಾರಿಯೂ ಇದೆ.

ಅದು ಫೆಡರಲ್ (ಅಮೆರಿಕದ ಕೇಂದ್ರ) ಸರ್ಕಾರದ ಸಾಲವೇ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಹೌದಾದರೆ, ಸಾಮಾನ್ಯವಾಗಿ 270 ದಿನ ಕಂತು ತಪ್ಪಿದಾಗ ಅದು ಡಿಫಾಲ್ಟ್ (ಸುಸ್ತಿ ಸಾಲ) ಎನಿಸುತ್ತದೆ. ಅನಂತರ ನ್ಯಾಯಾಲಯದ ಆದೇಶವಿಲ್ಲದೆಯೇ, ಖಜಾನೆ ಇಲಾಖೆಯ ಆಫ್‌ಸೆಟ್ ವ್ಯವಸ್ಥೆಯ ಮೂಲಕ ಇಡೀ ಫೆಡರಲ್ ರೀಫಂಡನ್ನು ಸಾಲಕ್ಕೆ ಜಮಾ ಮಾಡಿಕೊಳ್ಳುವ ಅಧಿಕಾರ ಸರ್ಕಾರಕ್ಕಿದೆ. ಖಾಸಗಿ ಸಾಲದಾತರಿಗಾಗಲಿ, ಭಾರತದ ಬ್ಯಾಂಕುಗಳಿಗಾಗಲಿ ಈ ಮಾರ್ಗ ತೆರೆದಿಲ್ಲ.

ಆ ಸಾಲಕ್ಕೆ ನೀವು ಹೊಣೆಗಾರರಲ್ಲದ ಕಾರಣ, ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ 8379 ಸಂಖ್ಯೆಯ 'ಇಂಜ್ಯೂರ್ಡ್ ಸ್ಪೌಸ್' (ಸಂಗಾತಿಯ ಸಾಲದಿಂದ ನಷ್ಟಕ್ಕೊಳಗಾದವರ) ನಮೂನೆಯನ್ನು ತೆರಿಗೆ ವಿವರದ ಜೊತೆಯಲ್ಲೇ ಸಲ್ಲಿಸಿ, ನಿಮ್ಮ ಸಂಬಳ ಮತ್ತು ಅದರಲ್ಲಿ ಕಡಿತವಾದ ತೆರಿಗೆಗೆ ಅನುಗುಣವಾದ ಪಾಲನ್ನು ಬೇರ್ಪಡಿಸಿ ಕೊಡುವಂತೆ ಕೇಳಬಹುದು. ರೀಫಂಡ್ ಹೋದ ಮೇಲೂ ಇದನ್ನು ಸಲ್ಲಿಸಬಹುದಾದರೂ, ಮೊದಲೇ ಕೊಡುವುದು ಮೇಲು. ಹೆಸರು ಹೋಲುವ 'ಇನ್ನೊಸೆಂಟ್ ಸ್ಪೌಸ್' ನಮೂನೆ ಬೇರೆಯೇ ಉದ್ದೇಶದ್ದು. ದಯವಿಟ್ಟು ಗೊಂದಲ ಮಾಡಿಕೊಳ್ಳಬೇಡಿ. ನೀವು ಕ್ಯಾಲಿಫೋರ್ನಿಯಾ ಅಥವಾ ಟೆಕ್ಸಾಸ್‌ನಲ್ಲಿದ್ದರೆ, ದಂಪತಿಗಳ ಆಸ್ತಿಯ ಕಾನೂನು ಭಿನ್ನವಾಗಿರುವುದರಿಂದ ಪಾಲಿನ ಲೆಕ್ಕವೂ ಬದಲಾಗುತ್ತದೆ.

ಪತ್ನಿಯವರು ಸಾಲವನ್ನು ಡಿಫಾಲ್ಟ್‌ನಿಂದ ಹೊರತರಲು 10 ತಿಂಗಳ ಅವಧಿಯಲ್ಲಿ, ಆದಾಯಕ್ಕೆ ತಕ್ಕಂತೆ ನಿಗದಿಯಾದ 9 ಕಂತುಗಳನ್ನು ಸಕಾಲಕ್ಕೆ ಕಟ್ಟುವ ಪುನರ್ವಸತಿ ಯೋಜನೆಯಿದೆ. ವಸೂಲಿಗೆ ಮುಂಚಿನ ನೋಟಿಸ್ ಸಾಲದ ದಾಖಲೆಯಲ್ಲಿರುವ ವಿಳಾಸಕ್ಕೇ ಹೋಗುತ್ತದೆ. ಮದುವೆಯ ನಂತರ ಮನೆ ಬದಲಿಸಿದ್ದರೆ ಹೊಸ ವಿಳಾಸವನ್ನು ಸಾಲ ನಿರ್ವಹಿಸುವ ಸಂಸ್ಥೆಗೆ ಇಂದೇ ತಿಳಿಸಿ.